ಹೊಟ್ಟೆಯೊಳಗಿನ ದಾರಿ ಬದಲಾದವರಿಗೆ ಎಂಡೋಸ್ಕೋಪಿ: ಆಸ್ಪತ್ರೆಗೆ ಹೊರಡುವ ಮೊದಲು ಮಾಡಬೇಕಾದ ಕೆಲಸಗಳು

ನಮ್ಮ ಮಲೆನಾಡಿನ ಮನೆಗಳಲ್ಲಿ ಎಪ್ಪತ್ತು ದಾಟಿದ ಕೆಲವು ಹಿರಿಯರ ಹೊಟ್ಟೆ ಮೇಲೆ ಒಂದು ಹಳೇ ಹೊಲಿಗೆಯ ಗುರುತು ಇರುತ್ತದೆ. ಎದೆಗೂಡಿನ ಕೆಳಗಿಂದ ಹೊಕ್ಕುಳದವರೆಗೆ ನೆಟ್ಟಗೆ ಇಳಿದಿರುತ್ತದೆ. ಕೇಳಿದರೆ ‘ಅಲ್ಸರ್ ಆಪರೇಷನ್’ ಅಂತಾರೆ. ಯಾವ ಆಪರೇಷನ್, ಎಲ್ಲಿಂದ ಎಲ್ಲಿಗೆ ಜೋಡಿಸಿದ್ದಾರೆ ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ, ಮಕ್ಕಳಿಗೂ ಗೊತ್ತಿಲ್ಲ.

ಆಗ ಅಂಥ ಆಪರೇಷನ್ ಜಾಸ್ತಿ ಆಗಲು ಕಾರಣವಿತ್ತು. ಹೊಟ್ಟೆ ಹುಣ್ಣಿಗೆ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣ ಅಂತ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಪತ್ತೆ ಮಾಡಿದ್ದು 1982ರಲ್ಲಿ. ಒಮೆಪ್ರಜೋಲ್ ಮಾತ್ರೆ ಬಂದದ್ದು ಆ ದಶಕದ ಕೊನೆಗೆ. ಅದಕ್ಕೂ ಮೊದಲು ಹುಣ್ಣು ಮಾಗಿ ಜಠರದ ಬಾಯಿ ಕಟ್ಟಿಕೊಂಡರೆ ಆಪರೇಷನ್ನೇ ಗತಿ. ಈಗ ಅದೇ ಕಾಯಿಲೆ ಮಾತ್ರೆಯಲ್ಲಿ ವಾಸಿಯಾಗುತ್ತದೆ. ಆದರೆ ಅಂದು ಹಾಕಿದ ಜೋಡಣೆ ಇಂದಿಗೂ ಹೊಟ್ಟೆಯೊಳಗೆ ಹಾಗೇ ಇದೆ. ಇವರ ಜೊತೆಗೆ ಕ್ಯಾನ್ಸರ್‌ಗೆ ಜಠರ ತೆಗೆಸಿಕೊಂಡವರು, ಪಿತ್ತನಾಳ ರಿಪೇರಿ ಆದವರು, ಬೊಜ್ಜಿಗೆ ಬೈಪಾಸ್ ಮಾಡಿಸಿಕೊಂಡವರು, ದೊಡ್ಡ ಕರುಳಿನ ತುಂಡು ತೆಗೆಸಿಕೊಂಡವರೂ ಇದ್ದಾರೆ.

ಇವರಿಗೆ ಮುಂದೊಂದು ದಿನ ಎಂಡೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಸ್ಕೋಪ್ ಎಂಬ ಕೊಳವೆ ಇಳಿಸಿ ಒಳಗೆ ನೋಡುವ ಪರೀಕ್ಷೆ, ಬೇಕಾದರೆ ವಿಷಯ ಬೇರೆಯೇ ಆಗುತ್ತದೆ. ತೋಟದ ಹಳೇ ಕಾಲುವೆ ಮುಚ್ಚಿ ನೀರನ್ನು ಬೇರೆ ಕಡೆ ತಿರುಗಿಸಿದ್ದರೆ, ಹೊಸದಾಗಿ ಬಂದ ಆಳಿಗೆ ಯಾರಾದರೂ ಹೇಳಲೇಬೇಕು. ಸ್ಕೋಪ್ ಹಿಡಿದ ಡಾಕ್ಟರ ಸ್ಥಿತಿಯೂ ಅದೇ. ಒಳಗೆ ಹೋದ ಮೇಲೆ ಎರಡು ದಾರಿ ಕಂಡರೆ ಯಾವುದು ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ತಿಳಿದಿದ್ದರೆ ಕೆಲಸ ಬೇಗ ಆಗುತ್ತದೆ, ಅಪಾಯವೂ ಕಡಿಮೆ. ಹಾಗಾಗಿ ಮನೆಯವರು ಮಾಡಬಹುದಾದ ದೊಡ್ಡ ಸಹಾಯ ಅಂದರೆ ಹಳೇ ಆಪರೇಷನ್ ಏನು ಅಂತ ಪತ್ತೆ ಮಾಡಿ, ಆ ಮಾಹಿತಿಯನ್ನು ಡಾಕ್ಟರ ಕೈಗೆ ಮುಂಚಿತವಾಗಿ ಮುಟ್ಟಿಸುವುದು. ಮುಂದಿನ ಎಲ್ಲಾ ಹೆಜ್ಜೆಗಳು ಇದರ ಮೇಲೆ ನಿಂತಿವೆ.

ಮೊದಲು ಹಳೇ ಕಾಗದ ಹುಡುಕಿ

ಟ್ರಂಕು, ಅಟ್ಟ, ದೇವರ ಕೋಣೆಯ ಕಪಾಟು, ಎಲ್.ಐ.ಸಿ. ಬಾಂಡ್ ಇಟ್ಟ ಕವರು, ಎಲ್ಲಾ ಕಡೆ ನೋಡಿ. ಬೇಕಾದದ್ದು ಡಿಸ್ಚಾರ್ಜ್ ಕಾರ್ಡ್. ಆಪರೇಷನ್ ನೋಟ್ ಸಿಕ್ಕಿದರೆ ಇನ್ನೂ ಒಳ್ಳೆಯದು. ನಡುವೆ ಯಾವಾಗಲಾದರೂ ಮಾಡಿಸಿದ ಎಂಡೋಸ್ಕೋಪಿ ರಿಪೋರ್ಟ್, ಸಿ.ಟಿ. ಸ್ಕ್ಯಾನ್, ಬಯಾಪ್ಸಿ ಚೀಟಿ ಕೂಡ ಉಪಯೋಗಕ್ಕೆ ಬರುತ್ತವೆ.

ಹಳೇ ಕಾರ್ಡ್‌ನಲ್ಲಿ ಉದ್ದುದ್ದ ವಿವರಣೆ ಇರುವುದಿಲ್ಲ. ಮಳೆಗಾಲದ ತಂಡಿಗೆ ಬೂಸ್ಟು ಹಿಡಿದು ಹಳದಿಯಾದ ಕಾಗದ, ಮಡಿಕೆ ಬಿದ್ದಲ್ಲೆಲ್ಲ ಶಾಯಿ ಅಳಿಸಿರುತ್ತದೆ. ಅದರ ಮಧ್ಯೆ ‘ಟಿ.ವಿ. ಪ್ಲಸ್ ಜಿ.ಜೆ.’ ಅಂತ ನಾಲ್ಕೇ ಇಂಗ್ಲಿಷ್ ಅಕ್ಷರ ಇರಬಹುದು. ಮನೆಯವರು ಅದನ್ನು ದಾಟಿ ಮಾತ್ರೆ ಹೆಸರು ಹುಡುಕುತ್ತಾರೆ. ಆದರೆ ಇಡೀ ಕಾರ್ಡ್‌ನಲ್ಲಿ ಮುಖ್ಯವಾದದ್ದು ಆ ನಾಲ್ಕು ಅಕ್ಷರ. ಟಿ.ವಿ. ಅಂದರೆ ಜಠರದಲ್ಲಿ ಆಸಿಡ್ ಹೆಚ್ಚಿಸುವ ವೇಗಸ್ ನರವನ್ನು ಕತ್ತರಿಸಿದ್ದಾರೆ. ಜಿ.ಜೆ. ಅಂದರೆ ಜಠರಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸಿ ಇನ್ನೊಂದು ಬಾಯಿ ಮಾಡಿದ್ದಾರೆ.

ಆಪರೇಷನ್ ಈಚೆಗೆ ಆಗಿದ್ದು ಕಾಗದ ಕಳೆದಿದ್ದರೆ ಆ ಆಸ್ಪತ್ರೆಗೇ ಅರ್ಜಿ ಕೊಡಿ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟುಕೊಳ್ಳಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಲ್ಲಿ ಕೇಳಿ ಸುಮ್ನೆ ವಾಪಸ್ ಬರಬೇಡಿ. ಲಿಖಿತವಾಗಿ ಕೊಟ್ಟು, ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ನಲವತ್ತು ವರ್ಷದ ಹಿಂದಿನದಾದರೆ ದಾಖಲೆ ಸಿಗುವ ಆಸೆ ಕಡಿಮೆ. ಆಗ ಮನೆಯ ಹಿರಿಯರ ಹತ್ತಿರ ಕೂತು ಕೇಳಿ. ಯಾವ ವರ್ಷ? ಆಪರೇಷನ್‌ಗೆ ಮೊದಲು ಏನಾಗುತ್ತಿತ್ತು? ತಿಂದದ್ದೆಲ್ಲ ವಾಂತಿ ಆಗುತ್ತಿತ್ತಾ, ರಕ್ತ ವಾಂತಿ ಆಗಿತ್ತಾ, ಕಾಮಾಲೆ ಇತ್ತಾ? ‘ಜಠರದ ಅರ್ಧ ತೆಗೆದಿದ್ದೇವೆ’ ಅಂತ ಡಾಕ್ಟರ್ ಹೇಳಿದ್ದು ಯಾರಿಗಾದರೂ ನೆನಪಿದೆಯಾ? ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸಿದ್ದರಾ? ಅಪ್ಪಯ್ಯನಿಗೆ ನೆನಪಿಲ್ಲದ್ದು ಆಗ ಆಸ್ಪತ್ರೆಯಲ್ಲಿ ಜೊತೆಗಿದ್ದ ಅತ್ತೆಗೆ ನೆನಪಿರುತ್ತದೆ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದರೂ ಡಾಕ್ಟರಿಗೆ ಅಂದಾಜು ಸಿಗುತ್ತದೆ. ಉಳಿದದ್ದನ್ನು ಅವರು ಸಿ.ಟಿ. ಸ್ಕ್ಯಾನ್ ಮಾಡಿ ನೋಡಿಕೊಳ್ಳಬಹುದು.

ನಿಮ್ಮದು ಯಾವ ಬಗೆ?

ಸಹಜ ದಾರಿ ಹೀಗಿದೆ: ಅನ್ನನಾಳ, ಜಠರ, ಆಮೇಲೆ ಸಣ್ಣ ಕರುಳಿನ ಮೊದಲ ಭಾಗವಾದ ಡುವೋಡಿನಮ್. ಡುವೋಡಿನಮ್‌ನ ಒಳಗೋಡೆಯಲ್ಲಿ ಒಂದು ಚಿಕ್ಕ ಮೊಲೆತೊಟ್ಟಿನಂಥ ಉಬ್ಬು ಇದೆ. ಪಿತ್ತರಸ ಮತ್ತು ಪ್ಯಾಂಕ್ರಿಯಾಸ್‌ನ (ಮೇದೋಜ್ಜೀರಕ ಗ್ರಂಥಿಯ) ರಸ ಇಳಿಯುವುದು ಅಲ್ಲಿಂದ. ಪಿತ್ತನಾಳದ ಕಲ್ಲು ತೆಗೆಯುವ ಇ.ಆರ್.ಸಿ.ಪಿ. ಎಂಬ ಚಿಕಿತ್ಸೆಗೆ ಸ್ಕೋಪ್ ಆ ತೊಟ್ಟನ್ನು ಮುಟ್ಟಲೇಬೇಕು. ಅದಕ್ಕೆ ಬಳಸುವ ಸ್ಕೋಪ್‌ನ ಕ್ಯಾಮೆರಾ ತುದಿಯಲ್ಲಿ ಇರುವುದಿಲ್ಲ, ಪಕ್ಕಕ್ಕೆ ಇರುತ್ತದೆ. ದಾರಿ ಸಹಜವಾಗಿದ್ದರೆ ಇದರಿಂದ ಅನುಕೂಲ. ತಿರುವು ಬದಲಾಗಿದ್ದರೆ ಇದೇ ಕಷ್ಟ.

ಪಿತ್ತಕೋಶ ತೆಗೆದದ್ದು, ಅಪೆಂಡಿಕ್ಸ್, ಸಿಸೇರಿಯನ್, ಗರ್ಭಕೋಶ ತೆಗೆದದ್ದು, ಇವುಗಳಲ್ಲಿ ದಾರಿ ಬದಲಾಗುವುದಿಲ್ಲ. ಆದರೂ ಹೇಳಿ. ಒಳಗೆ ಕರುಳು ಅಂಟಿಕೊಂಡಿದ್ದರೆ ಕೊಲೊನೋಸ್ಕೋಪಿ (ದೊಡ್ಡ ಕರುಳಿಗೆ ಸ್ಕೋಪ್ ಹಾಕಿ ನೋಡುವುದು) ಕಷ್ಟವಾಗುತ್ತದೆ, ನೋವೂ ಜಾಸ್ತಿ. ತೊಡೆಸಂದಿನಲ್ಲಿ ಹರ್ನಿಯಾ ಇದ್ದರೂ ಮುಚ್ಚಿಡಬೇಡಿ.

ಬರೇ ಜಿ.ಜೆ. ಆಗಿದ್ದರೆ ಹಳೇ ದಾರಿಯೂ ಉಳಿದಿರುತ್ತದೆ, ಹೊಸದೂ ಇರುತ್ತದೆ. ಹಳೇ ಬಾಯಿ ಕಿರಿದಾಗದಿದ್ದರೆ ಇ.ಆರ್.ಸಿ.ಪಿ. ಸಹಜ ದಾರಿಯಲ್ಲೇ ಆಗಬಹುದು. ಬಿಲ್‌ರೋತ್ ಟು ಅಂತ ಇದ್ದರೆ ಜಠರದ ಕೆಳಭಾಗ ತೆಗೆದು, ಉಳಿದ ಭಾಗಕ್ಕೆ ಸಣ್ಣ ಕರುಳು ಹೊಲಿದಿರುತ್ತಾರೆ. ಸ್ಕೋಪ್ ಕೆಳಗಿಂದ ಮೇಲಕ್ಕೆ, ಹಿಮ್ಮುಖವಾಗಿ ತೊಟ್ಟನ್ನು ತಲುಪಬೇಕು. ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಜೋಡಣೆಯ ತಿರುವಿನಲ್ಲಿ ಕರುಳು ಹರಿಯುವ ಅಪಾಯವೂ ಇದೆ. ಅನುಭವಿಗಳ ಕೈಯಲ್ಲಿ ಇದು ಆಗುತ್ತದೆ.

ರೂ-ಎನ್-ವೈ ಇನ್ನೂ ಉದ್ದದ ದಾರಿ. ಸ್ವಿಟ್ಜರ್ಲೆಂಡಿನ ಸರ್ಜನ್ ಸೀಸರ್ ರೂ ಅವರ ಹೆಸರಿನ ಜೋಡಣೆ ಇದು. ಕರುಳನ್ನು ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಸೇರಿಸಿರುತ್ತಾರೆ. ಜಠರ ಪೂರ್ತಿ ತೆಗೆದವರಿಗೆ, ಬೊಜ್ಜಿನ ಬೈಪಾಸ್ ಆದವರಿಗೆ ಹೀಗೆ ಇರುತ್ತದೆ. ಸ್ಕೋಪ್ ಒಂದು ಕವಲಿನಲ್ಲಿ ಇಳಿದು, ಕೂಡುವ ಜಾಗ ಹುಡುಕಿ, ಇನ್ನೊಂದು ಕವಲಿನಲ್ಲಿ ಮೇಲೆ ಹತ್ತಬೇಕು. ಮಾಮೂಲಿ ಸ್ಕೋಪ್‌ಗೆ ಅಷ್ಟು ಉದ್ದ ಸಾಲುವುದಿಲ್ಲ.

ಇಲ್ಲಿ ಒಂದು ಗುಂಪಿನವರು ವಿಶೇಷವಾಗಿ ಗಮನ ಕೊಡಬೇಕು. ಪಿತ್ತಕೋಶದ ಆಪರೇಷನ್ ವೇಳೆ ಪಿತ್ತನಾಳಕ್ಕೆ ಪೆಟ್ಟಾಗಿ, ಆಮೇಲೆ ‘ಎರಡನೇ ದೊಡ್ಡ ಆಪರೇಷನ್’ ಆದವರು. ಇವರ ಜಠರ ಸರಿಯಾಗಿಯೇ ಇರುತ್ತದೆ, ಊಟವೂ ಮಾಮೂಲಿ. ಆದರೆ ಪಿತ್ತನಾಳವನ್ನು ಲಿವರ್ ಹತ್ತಿರವೇ ಕರುಳಿಗೆ ಜೋಡಿಸಿರುತ್ತಾರೆ. ಮಾಮೂಲಿ ಇ.ಆರ್.ಸಿ.ಪಿ. ಮಾಡಿದರೆ ತೊಟ್ಟು ಸಿಗುತ್ತದೆ, ಅಲ್ಲಿಂದ ಲಿವರ್‌ಗೆ ದಾರಿಯೇ ಇರುವುದಿಲ್ಲ. ‘ಪಿತ್ತಕೋಶ ತೆಗೆಸಿದ್ದೇವೆ’ ಅಂತ ಮಾತ್ರ ಹೇಳಿದರೆ ಡಾಕ್ಟರಿಗೆ ತಪ್ಪು ಚಿತ್ರ ಸಿಗುತ್ತದೆ. ಎರಡು ಆಪರೇಷನ್ ಆಗಿದೆ ಅಂತ ಹೇಳಲೇಬೇಕು.

ವಿಪಲ್ ಆಪರೇಷನ್ ಆದವರಿಗೆ ಆ ತೊಟ್ಟೇ ಇರುವುದಿಲ್ಲ. ಪ್ಯಾಂಕ್ರಿಯಾಸ್‌ನ ತಲೆ ಭಾಗದ ಜೊತೆ ಹೋಗಿರುತ್ತದೆ. ಅನ್ನನಾಳದ ಕ್ಯಾನ್ಸರ್ ಆಪರೇಷನ್ ಆದವರ ಜಠರ ಎದೆಯೊಳಗೆ ಇರುತ್ತದೆ. ಇವರಿಗೆ ತಿಂದದ್ದು ವಾಪಸ್ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಜಾಸ್ತಿ.

ನೋಡಲಿಕ್ಕಾ, ಚಿಕಿತ್ಸೆಗಾ?

ಡಾಕ್ಟರ್ ಎಂಡೋಸ್ಕೋಪಿ ಬರೆದುಕೊಟ್ಟಾಗ ಈ ಪ್ರಶ್ನೆ ಕೇಳಿ: ‘ಇದು ಬರೇ ನೋಡಲಿಕ್ಕಾ, ಇಲ್ಲಾ ಒಳಗೆ ಏನಾದರೂ ತೆಗೆಯೋದು, ಹಾಕೋದು ಇದೆಯಾ?’

ರಕ್ತ ಕಡಿಮೆ ಆಗಿದೆ, ಜೋಡಣೆ ಜಾಗದಲ್ಲಿ ಹುಣ್ಣು ಇದೆಯಾ ನೋಡಬೇಕು ಅಂತಾದರೆ ಮಾಮೂಲಿ ಎಂಡೋಸ್ಕೋಪಿ ಸಾಕು. ಶಿವಮೊಗ್ಗದಲ್ಲೇ ಆಗುತ್ತದೆ. ಅದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ. ಪಿತ್ತನಾಳದಲ್ಲಿ ಕಲ್ಲು ಇದೆಯಾ ಅಂತ ನೋಡುವುದಷ್ಟೇ ಆದರೆ ಎಂ.ಆರ್.ಸಿ.ಪಿ. ಅನ್ನುವ ಸ್ಕ್ಯಾನ್ ಇದೆ. ಸ್ಕೋಪ್ ಹಾಕದೆಯೇ ನಾಳದ ಚಿತ್ರ ಸಿಗುತ್ತದೆ. ದಾರಿ ಬದಲಾದವರಿಗೆ ಇ.ಆರ್.ಸಿ.ಪಿ.ಗೆ ಮೊದಲು ಇದನ್ನು ಮಾಡಿಸಿಕೊಳ್ಳುವುದು ಜಾಣತನ ಅನ್ನೋದು ನನ್ನ ಅಭಿಪ್ರಾಯ. ಕಲ್ಲೇ ಇಲ್ಲ ಅಂತಾದರೆ ಒಂದು ಕಷ್ಟದ ಚಿಕಿತ್ಸೆ ತಪ್ಪಿತು.

ಕಲ್ಲು ತೆಗೆಯಲೇಬೇಕು, ನಾಳ ತೆರೆದಿಡಲು ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಲೇಬೇಕು ಅಂತಾದರೆ ಸರಿಯಾದ ಜಾಗ ಹುಡುಕಬೇಕು. ನಾಲ್ಕು ಬಗೆಯಲ್ಲಿ ಮಾಡುತ್ತಾರೆ. ತುದಿಗೆ ಬಲೂನ್ ಇರುವ ಉದ್ದದ ಎಂಟರೋಸ್ಕೋಪ್ ಬಳಸಿ ಕರುಳನ್ನು ಹಂತಹಂತವಾಗಿ ಹಿಂದಕ್ಕೆ ಎಳೆದುಕೊಳ್ಳುತ್ತಾ ಹೋಗುವುದು ಒಂದು. ಜಪಾನಿನ ಹಿರೊನೊರಿ ಯಮಮೊಟೊ ಈ ಜೋಡಿ ಬಲೂನ್ ವಿಧಾನವನ್ನು ಪ್ರಕಟಿಸಿದ್ದು 2001ರಲ್ಲಿ. ಪಕ್ಕೆಯ ಮೂಲಕ ಸೂಜಿ ಹಾಕಿ ಲಿವರ್ ಕಡೆಯಿಂದ ಪಿತ್ತನಾಳಕ್ಕೆ ಇಳಿಯುವುದು ಇನ್ನೊಂದು. ಇದನ್ನು ಪಿ.ಟಿ.ಬಿ.ಡಿ. ಅಂತಾರೆ. ಅಲ್ಟ್ರಾಸೌಂಡ್ ಇರುವ ಎಂಡೋಸ್ಕೋಪ್‌ನಿಂದ ಒಳಗೇ ಹೊಸ ದಾರಿ ಮಾಡುವುದು ಮೂರನೆಯದು. ಲ್ಯಾಪರೋಸ್ಕೋಪಿ ಸರ್ಜನ್ ಜೊತೆ ಸೇರಿ ಮಾಡುವುದು ನಾಲ್ಕನೆಯದು. ಎಲ್ಲವೂ ಎಲ್ಲಾ ಕಡೆ ಇರುವುದಿಲ್ಲ. ಮಣಿಪಾಲ, ಮಂಗಳೂರು, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಗ್ಯಾಸ್ಟ್ರೋ ವಿಭಾಗಕ್ಕೆ ಹೋಗುವ ಮೊದಲು ಫೋನ್ ಮಾಡಿ. ಹೀಗೆ ಕೇಳಬಹುದು:

‘ಮೇಡಂ, ನಮ್ಮ ಅಪ್ಪಯ್ಯನಿಗೆ ಹಿಂದೆ ಬಿಲ್‌ರೋತ್ ಟು ಆಪರೇಷನ್ ಆಗಿದೆ. ಈಗ ಪಿತ್ತನಾಳದಲ್ಲಿ ಕಲ್ಲು ಅಂತ ಸ್ಕ್ಯಾನ್‌ನಲ್ಲಿ ಬಂದಿದೆ. ಇಂಥವರಿಗೆ ನಿಮ್ಮಲ್ಲಿ ಇ.ಆರ್.ಸಿ.ಪಿ. ಮಾಡ್ತಾರಾ? ಎಂಟರೋಸ್ಕೋಪ್ ಇದೆಯಾ? ಯಾವ ದಿನ ಬಂದರೆ ಆ ಡಾಕ್ಟರ್ ಸಿಗ್ತಾರೆ?’

ಇಷ್ಟು ಸ್ಪಷ್ಟವಾಗಿ ಕೇಳಿದರೆ ಸ್ಪಷ್ಟ ಉತ್ತರ ಬರುತ್ತದೆ. ‘ಹೊಟ್ಟೆ ನೋವು, ಕರ್ಕೊಂಡು ಬರಬೋದಾ’ ಅಂದರೆ ‘ಬನ್ನಿ’ ಅಂತಾರೆ. ಘಾಟಿ ಇಳಿದು ಹೋದ ಮೇಲೆ ಇಲ್ಲಿ ಆಗಲ್ಲ ಅಂತ ಗೊತ್ತಾಗುತ್ತದೆ.

ಕಾಯಬಾರದ ಸಂದರ್ಭ

ಮೇಲಿನದೆಲ್ಲ ಸಮಯ ಇದ್ದಾಗಿನ ಮಾತು. ಚಳಿ ನಡುಗಿಸುವ ಜ್ವರ, ಕಣ್ಣು ಹಳದಿ, ಬಲಪಕ್ಕೆ ನೋವು ಒಟ್ಟಿಗೆ ಬಂದರೆ ಅದು ಪಿತ್ತನಾಳದ ಸೋಂಕು ಇರಬಹುದು. ವಯಸ್ಸಾದವರಲ್ಲಿ ಬೇಗ ಕೈಮೀರುತ್ತದೆ. ಮಾತು ತೊದಲಿದರೆ, ಮಂಕಾದರೆ, ಬಿ.ಪಿ. ಇಳಿದರೆ ಇನ್ನೂ ಅಪಾಯ. ಹತ್ತಿರದ ತಾಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ತಕ್ಷಣ ಕರೆದೊಯ್ಯಿರಿ. ಡ್ರಿಪ್, ಆಂಟಿಬಯಾಟಿಕ್ ಮೊದಲು ಶುರುವಾಗಲಿ. ದೂರದ ಪ್ರಯಾಣ ಅದಾದ ಮೇಲೆ, ಆಂಬುಲೆನ್ಸ್‌ನಲ್ಲಿ.

ಕಾಮಾಲೆಯ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ನಾಟಿ ಔಷಧಿ, ಪಥ್ಯ. ಆದರೆ ನಾಳ ಕಟ್ಟಿ ಬರುವ ಕಾಮಾಲೆ ಬೇರೆ. ಮೈಯೆಲ್ಲ ತುರಿಕೆ, ಮೂತ್ರ ಚಹಾ ಡಿಕಾಕ್ಷನ್ ಬಣ್ಣ, ಮಲ ಸುಣ್ಣದ ಹಾಗೆ ಬಿಳಿ ಅಂತಾದರೆ ಒಳಗೆ ಪಿತ್ತ ಇಳಿಯುತ್ತಿಲ್ಲ. ಎಷ್ಟು ಸೊಪ್ಪು ಅರೆದು ಕುಡಿದರೂ ಕಲ್ಲು ಸರಿಯುವುದಿಲ್ಲ, ದಿನ ಮಾತ್ರ ಕಳೆಯುತ್ತದೆ. ಹೊಟ್ಟೆಯ ಆಪರೇಷನ್ ಆದವರಿಗೆ ಕಾಮಾಲೆ ಕಂಡ ವಾರವೇ ಅಲ್ಟ್ರಾಸೌಂಡ್ ಮತ್ತು ಲಿವರ್ ರಕ್ತ ಪರೀಕ್ಷೆ ಆಗಬೇಕು. ದಯವಿಟ್ಟು ಇದರಲ್ಲಿ ತಡ ಮಾಡಬೇಡಿ.

ಹಣ, ದಾರಿ, ವಸತಿ

ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎ.ಪಿ.ಎಲ್.ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ನಿಮಗೆ ಹೇಳಿದ ಚಿಕಿತ್ಸೆ ಯೋಜನೆಯೊಳಗೆ ಬರುತ್ತದಾ ಅಂತ ಹೋಗುವ ಆಸ್ಪತ್ರೆಯ ಆಯುಷ್ಮಾನ್ ಕೌಂಟರ್‌ನಲ್ಲಿ ಮೊದಲೇ ಕೇಳಿ.

ಮಳೆಗಾಲದಲ್ಲಿ ಆಗುಂಬೆಯಾಗಲಿ ಹುಲಿಕಲ್ ಆಗಲಿ, ಘಾಟಿ ತೆರೆದಿದೆಯಾ ಅಂತ ಹಿಂದಿನ ದಿನ ವಿಚಾರಿಸಿ. ಉಪವಾಸದಲ್ಲಿ ಘಾಟಿ ತಿರುವು ಇಳಿದರೆ ವಾಂತಿ ಆಗುತ್ತದೆ. ಹಿಂದಿನ ಸಂಜೆಯೇ ಹೋಗಿ ಆಸ್ಪತ್ರೆ ಹತ್ತಿರ ಉಳಿಯಿರಿ. ಕೊಲೊನೋಸ್ಕೋಪಿಯ ಔಷಧಿ ಕುಡಿದು ಬಸ್ ಹತ್ತುವ ಯೋಚನೆಯನ್ನಂತೂ ಬಿಡಿ.

ತಯಾರಿ

ಮಾಮೂಲಿ ಎಂಡೋಸ್ಕೋಪಿಗೆ ಗಟ್ಟಿ ಆಹಾರ ಬಿಟ್ಟು 6ರಿಂದ 8 ಗಂಟೆ ಆದರೆ ಸಾಕು ಅಂತಾರೆ. ವೇಗಸ್ ನರ ಕತ್ತರಿಸಿದವರಿಗೆ, ಜಠರ ಎದೆಗೆ ಎಳೆದವರಿಗೆ ಇದು ಸಾಲದೇ ಹೋಗಬಹುದು. ಇವರ ಜಠರ ನಿಧಾನ ಖಾಲಿಯಾಗುತ್ತದೆ. ರಾತ್ರಿ ಉಂಡದ್ದು ಬೆಳಿಗ್ಗೆಯೂ ಅಲ್ಲೇ ಇರುತ್ತದೆ. ಹಿಂದಿನ ದಿನ ಪೂರ್ತಿ ದ್ರವಾಹಾರ ಬೇಕಾ ಅಂತ ಡಾಕ್ಟರನ್ನು ನೀವೇ ಕೇಳಿ. ಗಂಜಿ ತಿಳಿ, ಎಳನೀರು, ಸೋಸಿದ ಸಾರಿನ ತಿಳಿ ಸಾಕು. ಎರಡು ಮೂರು ದಿನ ಮೊದಲೇ ಹಲಸು, ಕಳಲೆ, ನಾರಿನ ಸೊಪ್ಪು, ಕಿತ್ತಳೆ ತೊಳೆ ಬಿಟ್ಟುಬಿಡಿ. ಇಂಥ ಜಠರದಲ್ಲಿ ನಾರು ಉಂಡೆ ಕಟ್ಟಿ ಕೂತುಬಿಡುತ್ತದೆ.

ಮುರುಗಲು ಪಾನಕ, ಬೀಟ್‌ರೂಟ್ ಬೇಡ. ಒಳಗೆ ಕೆಂಪು ಕಂಡರೆ ರಕ್ತವೋ ಬಣ್ಣವೋ ತಿಳಿಯುವುದಿಲ್ಲ. ಎಲೆಅಡಿಕೆಯೂ ಹಾಗೇ. ಹಿಂದಿನ ದಿನದಿಂದ ನಿಲ್ಲಿಸಿ.

ಕೊಲೊನೋಸ್ಕೋಪಿಗೆ ಎರಡು ಲೀಟರ್ ನೀರಿಗೆ ಪುಡಿ ಕಲಸಿ ಕುಡಿಯಲು ಕೊಡುತ್ತಾರೆ. ಜಠರ ಚಿಕ್ಕದಾದವರಿಗೆ ಗಟಗಟ ಕುಡಿದರೆ ಹೊಟ್ಟೆ ಉಬ್ಬರಿಸಿ, ತಲೆ ತಿರುಗಿ, ಬೆವರು ಬರುತ್ತದೆ. ಅರ್ಧ ಲೋಟದಂತೆ ನಿಧಾನ ಕುಡಿಯಿರಿ. ಬೇಗ ಶುರು ಮಾಡಲು ಅನುಮತಿ ಕೇಳಿ. ಹೊಟ್ಟೆ ಮೇಲೆ ಕರುಳಿನ ಬಾಯಿ ಮಾಡಿ ಮಲಕ್ಕೆ ಚೀಲ ಕಟ್ಟಿದವರಿಗೆ ಆ ಬಾಯಿಂದಲೇ ಸ್ಕೋಪ್ ಹಾಕುತ್ತಾರೆ. ಎರಡು ಹೆಚ್ಚುವರಿ ಚೀಲ ಒಯ್ಯಿರಿ. ಸಣ್ಣ ಕರುಳಿನ ಬಾಯಿ ಹೊರಗಿದ್ದರೆ ಪೂರ್ತಿ ಪುಡಿ ಬೇಕಿಲ್ಲದಿರಬಹುದು. ಕುಡಿದು ನೀರಿನಂಶ ಕಳೆದುಕೊಳ್ಳುವ ಮೊದಲು ಕೇಳಿ. ಕಬ್ಬಿಣದ ಮಾತ್ರೆ ಮಲವನ್ನು ಕಪ್ಪು ಮಾಡುತ್ತದೆ. ಸುಮಾರು ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ.

ರಕ್ತ ತೆಳು ಮಾಡುವ ಮಾತ್ರೆಗಳ ಪಟ್ಟಿ ಬರೆದು ಒಯ್ಯಿರಿ. ತೊಟ್ಟಿನ ಬಾಯಿ ಕತ್ತರಿಸುವ ಚಿಕಿತ್ಸೆಗೆ ಕ್ಲೋಪಿಡೋಗ್ರೆಲ್, ವಾರ್ಫರಿನ್ ಥರದ್ದನ್ನು ಕೆಲವು ದಿನ ಮೊದಲು ನಿಲ್ಲಿಸಬೇಕಾಗುತ್ತದೆ. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ಡಾಕ್ಟರ್ ಹೇಳದೆ ಒಂದು ಮಾತ್ರೆಯನ್ನೂ ಬಿಡಬಾರದು. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಅದನ್ನು ಹೇಳಿ. ಸಾಮಾನ್ಯವಾಗಿ 3 ದಿನ ಮೊದಲು ನಿಲ್ಲಿಸುತ್ತಾರೆ.

ಆ ದಿನ

ಫೈಲಿನ ಮೇಲೆ, ಮೊದಲ ಹಾಳೆಯಾಗಿ, ಆಪರೇಷನ್ ಹೆಸರು ಮತ್ತು ವರ್ಷ ದಪ್ಪಕ್ಷರದಲ್ಲಿ ಇರಲಿ. ಓ.ಪಿ.ಡಿ.ಯಲ್ಲಿ ಹೇಳಿದ್ದೀವಲ್ಲ ಅಂತ ಸುಮ್ಮನಾಗಬೇಡಿ. ಸ್ಕೋಪ್ ಹಿಡಿಯುವವರು ಬೇರೆ ಡಾಕ್ಟರ್ ಇರಬಹುದು. ಅರಿವಳಿಕೆ ಡಾಕ್ಟರಿಗೂ ಹೇಳಿ.

ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ: ‘ಒಂದು ವೇಳೆ ಅಲ್ಲಿವರೆಗೆ ತಲುಪದಿದ್ದರೆ ಮುಂದೇನು ಮಾಡ್ತೀರಿ?’ ರೂ-ಎನ್-ವೈ ಆದವರಲ್ಲಿ ತಲುಪಲಾಗದೇ ಇರುವುದು ಅಪರೂಪವಲ್ಲ. ಅದು ಡಾಕ್ಟರ ತಪ್ಪೂ ಅಲ್ಲ. ಆದರೆ ಎರಡನೇ ದಾರಿ ಮೊದಲೇ ಯೋಚಿಸಿಟ್ಟ ತಂಡ ಇದ್ದರೆ ರೋಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು ತಪ್ಪುತ್ತದೆ. ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್ ಬಳಸುತ್ತಾರಾ ಅಂತಲೂ ಕೇಳಬಹುದು. ಅದು ಬೇಗ ರಕ್ತಕ್ಕೆ ಸೇರಿಹೋಗುವುದರಿಂದ ಆಮೇಲೆ ಹೊಟ್ಟೆಯುಬ್ಬರ ಕಡಿಮೆ. ಈ ಚಿಕಿತ್ಸೆ ಒಂದು ಗಂಟೆಗಿಂತ ಜಾಸ್ತಿ ಹಿಡಿಯಬಹುದು. ಹೊರಗೆ ಕಾಯುವವರು ಗಾಬರಿಯಾಗಬೇಡಿ.

ಆಮೇಲೆ

ಬರೇ ನೋಡಿದ್ದಾದರೆ ಸಾಮಾನ್ಯವಾಗಿ ಅಂದೇ ಮನೆಗೆ ಬರಬಹುದು. ಅರಿವಳಿಕೆ ಕೊಟ್ಟಿದ್ದರೆ 24 ಗಂಟೆ ಬೈಕು, ಕಾರು ಓಡಿಸಬಾರದು. ಇ.ಆರ್.ಸಿ.ಪಿ. ಆದವರು ಡಿಸ್ಚಾರ್ಜ್ ಸಿಕ್ಕರೂ ಆ ರಾತ್ರಿ ಅಲ್ಲೇ ಹತ್ತಿರದಲ್ಲಿ ಉಳಿಯುವುದು ಒಳ್ಳೆಯದು. ಪ್ಯಾಂಕ್ರಿಯಾಸ್ ಊದಿಕೊಳ್ಳುವ ತೊಂದರೆ ಬಂದರೆ ಹೆಚ್ಚಾಗಿ ಮೊದಲ ದಿನದಲ್ಲೇ ಗೊತ್ತಾಗುತ್ತದೆ. ಮೊಬೈಲ್ ಸಿಗ್ನಲ್ ಇಲ್ಲದ ಮನೆಯಲ್ಲಿ ನಡುರಾತ್ರಿ ಹೊಟ್ಟೆನೋವು ಶುರುವಾದರೆ ಕಷ್ಟ, ಅಲ್ವಾ? ಬೆನ್ನಿಗೆ ಹೊಡೆಯುವ ಹೊಟ್ಟೆನೋವು, ಹೊಟ್ಟೆ ಗಟ್ಟಿಯಾಗುವುದು, ಜ್ವರ, ಡಾಂಬರಿನಂಥ ಕಪ್ಪು ಮಲ, ರಕ್ತ ವಾಂತಿ, ಇವುಗಳಲ್ಲಿ ಒಂದು ಕಂಡರೂ ಗ್ಯಾಸ್ ಅಂತ ಸೋಡಾ ಕುಡಿಸಬೇಡಿ. ವಾಪಸ್ ಹೋಗಿ.

ಪ್ಲಾಸ್ಟಿಕ್ ಸ್ಟೆಂಟ್ ಹಾಕಿದ್ದರೆ ಅದನ್ನು ಸುಮಾರು 3 ತಿಂಗಳೊಳಗೆ ತೆಗೆಯಬೇಕು ಅಥವಾ ಬದಲಿಸಬೇಕು. ನೋವು ಹೋಯಿತು, ಕೊನೆಕೊಯ್ಲು ಬಂತು, ಅಡಿಕೆ ಸುಲಿಯುವ ಗಡಿಬಿಡಿ, ಹೀಗೆ ಮರೆತೇಹೋಗುತ್ತದೆ. ಒಳಗೆ ಸ್ಟೆಂಟ್ ಕಟ್ಟಿಕೊಂಡು ಮತ್ತೆ ಸೋಂಕು ಬರುತ್ತದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ತಾರೀಖಿಗೆ ಗುರುತು ಹಾಕಿ, ಬೆಂಗಳೂರಿನ ಮಗಳ ಫೋನಿನಲ್ಲೂ ಅಲಾರಂ ಇಡಿಸಿ. ತೆಗೆಸುವುದನ್ನು ಹಾಕಿದ ಆಸ್ಪತ್ರೆಯಲ್ಲೇ ಮಾಡಿಸಿ. ನಿಮ್ಮ ದಾರಿ ಅವರಿಗೆ ಗೊತ್ತಿದೆ.

ಡಿಸ್ಚಾರ್ಜ್ ಮುಂಚೆ ರಿಪೋರ್ಟ್ ಓದಿಸಿಕೊಳ್ಳಿ. ಯಾವ ಸ್ಕೋಪ್ ಬಳಸಿದರು, ಎಲ್ಲಿಯವರೆಗೆ ಹೋದರು, ಜೋಡಣೆ ಹೇಗಿದೆ ಅಂತ ಬರೆದಿದ್ದಾರಾ ನೋಡಿ. ಇಲ್ಲದಿದ್ದರೆ ಎರಡು ಸಾಲು ಸೇರಿಸಲು ವಿನಯದಿಂದ ಕೇಳಿ.

ಜಠರದ ಭಾಗ ತೆಗೆಸಿಕೊಂಡವರಿಗೆ ಬಿ-12 ಮತ್ತು ಕಬ್ಬಿಣ ಕಡಿಮೆಯಾಗುತ್ತವೆ. ಕೈಕಾಲು ಜೋಮು, ಸುಸ್ತು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ, ಬಿ-12 ಇಂಜೆಕ್ಷನ್ ಬೇಕಾ ಕೇಳಿ. ಮಂಡಿನೋವಿಗೆ ಮೆಡಿಕಲ್‌ನಿಂದ ತಂದು ನುಂಗುವ ನೋವಿನ ಮಾತ್ರೆ, ಬೀಡಿ, ಸಿಗರೇಟು ಜೋಡಣೆ ಜಾಗದಲ್ಲಿ ಹುಣ್ಣು ಮಾಡುತ್ತವೆ. ಆಪರೇಷನ್ ಆಗಿ 15–20 ವರ್ಷ ದಾಟಿದ ಮೇಲೆ ಉಳಿದ ಜಠರದಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚುತ್ತದೆ. ಹಸಿವು ಹೋದರೆ, ತೂಕ ಇಳಿದರೆ, ರಕ್ತ ಕಡಿಮೆಯಾದರೆ ವಯಸ್ಸಾಯ್ತು ಅಂತ ಬಿಡದೆ ಒಮ್ಮೆ ಎಂಡೋಸ್ಕೋಪಿ ಮಾಡಿಸಿ. ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆದವರಿಗೆ ಸಾಮಾನ್ಯವಾಗಿ 1 ವರ್ಷಕ್ಕೆ ಮೊದಲ ಕೊಲೊನೋಸ್ಕೋಪಿ. ಅದು ಸರಿಯಿದ್ದರೆ ಅದಾಗಿ 3 ವರ್ಷಕ್ಕೆ ಇನ್ನೊಂದು, ಆಮೇಲೆ 5 ವರ್ಷಕ್ಕೊಮ್ಮೆ.